ಮೊದಲು ದಾರಿ, ಆಮೇಲೆ ದೇಶ: ಆಗ್ನೇಯ ಏಷ್ಯಾಕ್ಕೆ ಆನ್‌ಲೈನ್‌ನಲ್ಲಿ ಮಾರುವವರಿಗೆ ಕಾನೂನುಗಳ ಹೋಲಿಕೆ

ಇಳಕಲ್ಲಿನ ಸೀರೆ ಅಂಗಡಿಯವರು, ಗುಳೇದಗುಡ್ಡದ ಖಣದ (ರವಕೆ ಅರಿವೆಯ) ವ್ಯಾಪಾರಿಗಳು, ಬೆಳಗಾವಿಯ ಉದ್ಯಮಬಾಗದಲ್ಲಿ ಕ್ಯಾಡ್ ಡ್ರಾಯಿಂಗ್ (ಕಂಪ್ಯೂಟರಿನಲ್ಲಿ ಬಿಡಿಸುವ ಎಂಜಿನಿಯರಿಂಗ್ ನಕ್ಷೆ) ಮಾಡಿಕೊಡುವ ನಾಲ್ಕು ಜನರ ಕಚೇರಿಯವರು, ಎಲ್ಲರೂ ಈಗ ಕೇಳುವುದು ಒಂದೇ: ಆಗ್ನೇಯ ಏಷ್ಯಾದಲ್ಲಿ ಮೊದಲು ಯಾವ ದೇಶಕ್ಕೆ ಮಾರೋಣ? ಸಿಂಗಪುರದಲ್ಲಿ ನಮ್ಮವರಿದ್ದಾರೆ, ಮಲೇಷ್ಯಾದಲ್ಲಿ ದೀಪಾವಳಿಗೆ ಸರ್ಕಾರಿ ರಜೆಯೇ ಇದೆ, ಇಂಡೊನೇಷ್ಯಾದಲ್ಲಿ 28 ಕೋಟಿ ಜನ. ಆದರೆ ಜನಸಂಖ್ಯೆ ನೋಡಿ ದೇಶ ಆರಿಸಿದರೆ ಮೊದಲ ಪಾರ್ಸಲಿಗೇ ಕೈ ಸುಡುವ ಸಾಧ್ಯತೆ ಹೆಚ್ಚು. ಅದೇ ಸೀರೆ, ಅದೇ ದೇಶ. ನಿಮ್ಮ ಸ್ವಂತ ವೆಬ್‌ಸೈಟಿನಿಂದ ಹೋದರೆ ಒಂದು ಕಾನೂನು, ಅಲ್ಲಿಯ ದೊಡ್ಡ ಆನ್‌ಲೈನ್ ಮಳಿಗೆಯಲ್ಲಿಟ್ಟು ಮಾರಿದರೆ ಇನ್ನೊಂದು. ಹಾಗಾಗಿ ಯಾವ ದಾರಿಯಿಂದ ಮಾರುತ್ತೇವೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಇಲ್ಲಿಯ ಅಂಕಿಗಳು 2026ರ ಆರಂಭದ ಸ್ಥಿತಿಯವು. ರೂಪಾಯಿ ಲೆಕ್ಕಗಳು ವಿನಿಮಯ ದರದ ಜೊತೆ ಏರಿಳಿಯುತ್ತವೆ.

ಯಾವುದರಿಂದ ಅಳೆಯಬೇಕು

ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ದೇಶ ತಾನೇ ಗೊತ್ತಾಗುತ್ತದೆ. ತೆರಿಗೆ ಎಷ್ಟು ಬೆಲೆಯಿಂದ ಶುರುವಾಗುತ್ತದೆ, ಅದನ್ನು ಕಟ್ಟುವವರು ಯಾರು: ನೀವೋ, ಮಳಿಗೆಯವರೋ, ಗಿರಾಕಿಯೋ? ವಿದೇಶಿ ಮಾರಾಟಗಾರನಿಗೆ ಕನಿಷ್ಠ ಬೆಲೆ ಅಥವಾ ನೋಂದಣಿಯ ತಡೆ ಇದೆಯೇ? ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರು ಎಲ್ಲಿಟ್ಟುಕೊಳ್ಳಬಹುದು? ಮಾರುವುದು ಸರಕೋ, ಸೇವೆಯೋ? ಕೊನೆಯದು, ರೊಕ್ಕ ನಮ್ಮ ಬ್ಯಾಂಕಿಗೆ ರಫ್ತಿನ ಹಣವೆಂದೇ ಬರುತ್ತದೆಯೇ?

ಕೊನೆಯದನ್ನೇ ಮೊದಲು ಮುಗಿಸಬಹುದು, ಯಾಕೆಂದರೆ ಅದು ಯಾವ ದೇಶವಾದರೂ ಒಂದೇ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಡಿಜಿಎಫ್‌ಟಿಯಿಂದ ಆಮದು-ರಫ್ತು ಮಾಡುವವರ ಐಇಸಿ ನಂಬರು (ಶುಲ್ಕ 500 ರೂಪಾಯಿ), ಬ್ಯಾಂಕಿನಿಂದ ಎಡಿ ಕೋಡು (ರಫ್ತಿನ ಹಣ ಬರುವ ಬ್ಯಾಂಕ್ ಶಾಖೆಯ ಗುರುತು), ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರತಿ ಹಣಕಾಸು ವರ್ಷಕ್ಕೊಂದು ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ), ಈ ಮೂರು ಇಲ್ಲದೆ ಹೊರಡಬೇಡಿ. ಐಇಸಿಯನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲ್‌ನಲ್ಲಿ ಖಾತ್ರಿಪಡಿಸಬೇಕು. ವಿವರ ಏನೂ ಬದಲಾಗದಿದ್ದರೂ ಬಿಡುವಂತಿಲ್ಲ. ಬಿಟ್ಟರೆ ನಂಬರು ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಪಾರ್ಸಲು ಕಸ್ಟಮ್ಸ್‌ನಲ್ಲಿ ನಿಂತಾಗ.

2023ರ ಫೆಬ್ರುವರಿಯಲ್ಲಿ ನಮ್ಮ ಯುಪಿಐ ಮತ್ತು ಸಿಂಗಪುರದ ಪೇನೌ ಜೋಡಣೆಯಾದ ಮೇಲೆ ಒಂದು ತಪ್ಪು ರೂಢಿಯಾಗಿದೆ. ಗಿರಾಕಿ ಸೀರೆಯ ಹಣವನ್ನು ಅಂಗಡಿಯವರ ಉಳಿತಾಯ ಖಾತೆಗೆ ಹಾಕುತ್ತಾರೆ. ಆ ಜೋಡಣೆ ಇರುವುದು ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳಿಸಲು, ವ್ಯಾಪಾರಕ್ಕಲ್ಲ. ಹಣ ಬಂದಿರುತ್ತದೆ, ಆದರೆ ಅದು ರಫ್ತಿನದು ಅನ್ನುವುದಕ್ಕೆ ಪುರಾವೆ ಇರುವುದಿಲ್ಲ. ಇ-ಬಿಆರ್‌ಸಿ (ರಫ್ತಿನ ಹಣ ಬಂತೆಂಬ ಆನ್‌ಲೈನ್ ಪ್ರಮಾಣಪತ್ರ) ಆಗದೆ ಶಿಪ್ಪಿಂಗ್ ಬಿಲ್ಲು (ಕಸ್ಟಮ್ಸ್‌ಗೆ ಕೊಟ್ಟ ರಫ್ತು ದಾಖಲೆ) ಬಾಕಿ ತೋರಿಸುತ್ತಲೇ ಇರುತ್ತದೆ, ಜಿಎಸ್‌ಟಿ ಲೆಕ್ಕವೂ ತಾಳೆಯಾಗುವುದಿಲ್ಲ. ಚಾಲ್ತಿ ಖಾತೆಗೆ ಬ್ಯಾಂಕ್ ವರ್ಗಾವಣೆ ಮಾಡಿಸಿಕೊಳ್ಳಿ. ಇಲ್ಲವಾದರೆ ರಿಸರ್ವ್ ಬ್ಯಾಂಕಿನಿಂದ ಗಡಿಯಾಚೆಗಿನ ಪಾವತಿಗೆ ಅನುಮತಿ ಪಡೆದ ಪೇಮೆಂಟ್ ಸಂಸ್ಥೆಯ ಮೂಲಕ ಪಡೆಯಿರಿ.

ಸಿಂಗಪುರ

ಸೀರೆ, ಖಣದಂಥ ಸಣ್ಣ ಪಾರ್ಸಲಿಗೆ ಇದಕ್ಕಿಂತ ಸುಲಭದ ದೇಶ ಈ ಸಾಲಿನಲ್ಲಿ ಇಲ್ಲ. ಮದ್ಯ, ತಂಬಾಕು, ವಾಹನ, ಪೆಟ್ರೋಲಿಯಂ ಬಿಟ್ಟರೆ ಆಮದು ಸುಂಕವೇ ಇಲ್ಲವೆನ್ನಬಹುದು. ಇರುವುದು ಜಿಎಸ್‌ಟಿ, 2024ರ ಜನವರಿಯಿಂದ 9%. ಅದರಲ್ಲೂ ವಿಮಾನ ಅಥವಾ ಅಂಚೆಯಲ್ಲಿ ಬರುವ 400 ಸಿಂಗಪುರ ಡಾಲರ್ ವರೆಗಿನ (ಸುಮಾರು 28,000 ರೂಪಾಯಿ) ಸರಕಿಗೆ ಗಡಿಯಲ್ಲಿ ವಸೂಲಿ ಇಲ್ಲ. 2023ರ ಜನವರಿಯಿಂದ ಆ ಸಣ್ಣ ಸರಕಿನ ತೆರಿಗೆ ಮಾರಾಟಗಾರನ ಮೇಲೆ ಬಿದ್ದಿದೆ. ಹಾಗೆಂದು ಎಲ್ಲ ಮಾರಾಟಗಾರರ ಮೇಲೂ ಅಲ್ಲ. ಜಗತ್ತಿನಾದ್ಯಂತದ ವಹಿವಾಟು 10 ಲಕ್ಷ ಸಿಂಗಪುರ ಡಾಲರ್ ದಾಟಿರಬೇಕು, ಜೊತೆಗೆ ಸಿಂಗಪುರದ ಸಾಮಾನ್ಯ ಗಿರಾಕಿಗಳಿಗೆ ಮಾರಿದ್ದು 1 ಲಕ್ಷ ಡಾಲರ್ ದಾಟಿರಬೇಕು. ಎರಡೂ ದಾಟಿದರಷ್ಟೇ ನೋಂದಣಿ.

ಅಂದರೆ ಇಳಕಲ್ಲಿನ ಮಧ್ಯಮ ಗಾತ್ರದ ಅಂಗಡಿ ತನ್ನದೇ ವೆಬ್‌ಸೈಟಿನಿಂದ ಕಳಿಸಿದರೆ ಗಿರಾಕಿಗೆ ತೆರಿಗೆ ಬೀಳುವುದಿಲ್ಲ. ಅದೇ ಸೀರೆ ದೊಡ್ಡ ಆನ್‌ಲೈನ್ ಮಳಿಗೆಯಲ್ಲಿ ಮಾರಾಟವಾದರೆ ಮಿತಿ ದಾಟಿದವರು ಮಳಿಗೆಯವರಾಗಿರುತ್ತಾರೆ, ಬಿಲ್ಲಿನಲ್ಲೇ 9% ಸೇರುತ್ತದೆ. ಹಾಗಂತ ಮಳಿಗೆ ಬೇಡವೆಂದಲ್ಲ. ಗಿರಾಕಿಯನ್ನು ಹುಡುಕಿಕೊಡುವವರು ಅವರೇ. ಹಳೇ ಗಿರಾಕಿಗೆ ಸ್ವಂತ ದಾರಿ, ಹೊಸಬರಿಗೆ ಮಳಿಗೆ ಎಂದು ಎರಡನ್ನೂ ಇಟ್ಟುಕೊಳ್ಳುವುದು ಜಾಣತನ.

ಗಿರಾಕಿಯ ಮಾಹಿತಿ ದೇಶದ ಹೊರಗೆ ಹೋಗಬಾರದು ಅಂತ ಸಿಂಗಪುರ ಹೇಳುವುದಿಲ್ಲ. ಹೋದಲ್ಲಿಯೂ ಅಷ್ಟೇ ರಕ್ಷಣೆ ಇರಬೇಕು ಅನ್ನುತ್ತದೆ. ದಂಡ ಮಾತ್ರ ಹಗುರವಲ್ಲ: 2022ರ ಅಕ್ಟೋಬರ್‌ನಿಂದ 10 ಲಕ್ಷ ಡಾಲರ್ ಅಥವಾ ಅಲ್ಲಿಯ ವಾರ್ಷಿಕ ವಹಿವಾಟಿನ 10%, ಎರಡರಲ್ಲಿ ಹೆಚ್ಚಿನದ್ದರವರೆಗೆ. ಮಾಹಿತಿ ರಕ್ಷಣೆಗೆ ಒಬ್ಬರನ್ನು ಹೊಣೆಗಾರರನ್ನಾಗಿ ಗೊತ್ತುಮಾಡಬೇಕು. ಅಂಗಡಿಯ ಮಾಲೀಕರೇ ಆಗಬಹುದು.

ಮಲೇಷ್ಯಾ

ಸಿಂಗಪುರದ ನಿಯಮವನ್ನೇ ನೋಡಿ ಬರೆದಂತಿದೆ, ಮಿತಿ ಮಾತ್ರ ಚಿಕ್ಕದು. 500 ರಿಂಗಿಟ್ (11,000 ರೂಪಾಯಿಯ ಆಸುಪಾಸು) ವರೆಗಿನ ಆಮದು ಸರಕಿನ ಮೇಲೆ 2024ರ ಜನವರಿಯಿಂದ 10% ಮಾರಾಟ ತೆರಿಗೆ ಇದೆ. ಅದನ್ನು ವಸೂಲಿ ಮಾಡುವುದು 12 ತಿಂಗಳಲ್ಲಿ ಇಂಥ ಸರಕನ್ನು 5 ಲಕ್ಷ ರಿಂಗಿಟ್‌ಗಿಂತ ಹೆಚ್ಚು ಮಾರಿ ನೋಂದಾಯಿಸಿಕೊಂಡವರು. ಅಷ್ಟು ಮಾರದವರ ಪಾರ್ಸಲಿಗೆ ಈ ತೆರಿಗೆ ಇಲ್ಲ.

ಇಲ್ಲಿ ಎಡವುವುದು ಬೆಲೆಯ ಅಂಚಿನಲ್ಲಿ. ರೇಷ್ಮೆ ಸೆರಗಿನ, ಅಗಲ ದಡಿಯ ಒಂದು ಒಳ್ಳೆಯ ಇಳಕಲ್ ಸೀರೆ 500 ರಿಂಗಿಟ್ ಅನ್ನು ಸುಲಭವಾಗಿ ದಾಟುತ್ತದೆ. ದಾಟಿದ ಕೂಡಲೇ ಅದು ಸಣ್ಣ ಸರಕಲ್ಲ, ಸಾಮಾನ್ಯ ಆಮದು. ಸುಂಕ, ತೆರಿಗೆ ಎರಡೂ ಗಡಿಯಲ್ಲೇ ಗಿರಾಕಿಯ ತಲೆಗೆ. ತಪ್ಪಿಸಿಕೊಳ್ಳಲೆಂದು ಬಿಲ್ಲಿನಲ್ಲಿ ಬೆಲೆ ಇಳಿಸುವುದು ಅಥವಾ ‘ಗಿಫ್ಟ್’ ಎಂದು ಬರೆಯುವುದು ಬೇಡ. ಬ್ಯಾಂಕಿಗೆ ಬಂದ ಹಣ 12,000, ಪಾರ್ಸಲಿನ ಬಿಲ್ಲು 4,000 ಎಂದಾದರೆ ತೊಂದರೆ ಅಲ್ಲಿಗಿಂತ ಇಲ್ಲೇ ಮೊದಲು ಶುರುವಾಗುತ್ತದೆ. ಸೀರೆ ದಾರಿಯಲ್ಲಿ ಕಳೆದುಹೋದರೆ ಪರಿಹಾರವೂ ಬರೆದ ಬೆಲೆಗಷ್ಟೇ.

ಸಗಟು ಅರಿವೆ ಕಳಿಸುವ ರಬಕವಿ-ಬನಹಟ್ಟಿಯವರಿಗೆ ಲೆಕ್ಕ ಬೇರೆ. ಅವರಿಗೆ ಆಸಿಯಾನ್ (ಆಗ್ನೇಯ ಏಷ್ಯಾದ ದೇಶಗಳ ಕೂಟ) ಮತ್ತು ಭಾರತದ ವ್ಯಾಪಾರ ಒಪ್ಪಂದದ ರಿಯಾಯಿತಿ ಸುಂಕ ಸಿಗಬಹುದು. ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಜೊತೆ ಅದು 2010ರ ಜನವರಿ 1ರಿಂದಲೇ ಜಾರಿಯಲ್ಲಿದೆ. ಅದಕ್ಕೆ ಡಿಜಿಎಫ್‌ಟಿಯ ಆನ್‌ಲೈನ್ ವೇದಿಕೆಯಲ್ಲಿ ಮೂಲ ಪ್ರಮಾಣಪತ್ರ (ಸರಕು ಭಾರತದ್ದೇ ಎಂಬ ಕಾಗದ) ಪಡೆಯಬೇಕು. ಸಾಮಾನ್ಯ ನಿಯಮದಂತೆ ಸರಕಿನ ಬೆಲೆಯಲ್ಲಿ ಕನಿಷ್ಠ 35% ಭಾರತ ಇಲ್ಲವೇ ಆಸಿಯಾನ್ ದೇಶಗಳದಾಗಿರಬೇಕು, ಜೊತೆಗೆ ಹೊರಗಿನ ಕಚ್ಚಾ ಮಾಲಿನ ಎಚ್‌ಎಸ್ (ಕಸ್ಟಮ್ಸ್ ಸರಕನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಉಪಶೀರ್ಷಿಕೆ ತಯಾರಾದ ಮಾಲಿನಲ್ಲಿ ಬದಲಾಗಿರಬೇಕು. ಹೊರಗಿನ ನೂಲು ತಂದು ನೇಯುವವರು ನೂಲಿನ ಬಿಲ್ಲುಗಳನ್ನು ಎತ್ತಿಡಿ.

ಇಂಡೊನೇಷ್ಯಾ

ಹೆಚ್ಚು ಜನ ಆಸೆಪಡುವುದೂ ಇಲ್ಲಿಗೇ, ಹೆಚ್ಚು ಬೇಲಿ ಇರುವುದೂ ಇಲ್ಲಿಯೇ. 2023ರ ವ್ಯಾಪಾರ ಸಚಿವಾಲಯದ 31ನೇ ನಿಯಮದ ಪ್ರಕಾರ ವಿದೇಶಿ ವ್ಯಾಪಾರಿ ಆನ್‌ಲೈನ್ ಮಳಿಗೆಯ ಮೂಲಕ ನೇರವಾಗಿ ಕಳಿಸುವ ತಯಾರಾದ ಸರಕಿನ ಬೆಲೆ ಕನಿಷ್ಠ 100 ಅಮೆರಿಕನ್ ಡಾಲರ್ ಇರಬೇಕು. ಇದು ಪಾರ್ಸಲಿನ ಬೆಲೆಯಲ್ಲ, ಒಂದೊಂದು ವಸ್ತುವಿನ ಬೆಲೆ. 35 ಡಾಲರಿನ ಮೂರು ಸೀರೆ ಕಟ್ಟಿದರೆ 105 ಆಯಿತಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ. ಖಣದ ಮಾತಂತೂ ಬಿಡಿ. ಅದೇ ನಿಯಮ ಸಾಮಾಜಿಕ ಜಾಲತಾಣದೊಳಗೇ ಖರೀದಿ ಮುಗಿಸುವುದನ್ನೂ ನಿಲ್ಲಿಸಿತು. 2023ರ ಅಕ್ಟೋಬರ್ 4ರಂದು ಅಲ್ಲಿ ಟಿಕ್‌ಟಾಕ್ ಶಾಪ್ ಮುಚ್ಚಿದ್ದು ಇದೇ ಕಾರಣಕ್ಕೆ.

ಸ್ವಂತ ವೆಬ್‌ಸೈಟಿನಿಂದ ನೇರ ಪಾರ್ಸಲು ಕಳಿಸಿದರೆ 100 ಡಾಲರ್ ತಡೆ ಅಡ್ಡ ಬರುವುದಿಲ್ಲ, ಸುಂಕ ಬರುತ್ತದೆ. 2020ರ ಜನವರಿ ಅಂತ್ಯದಲ್ಲಿ ಸುಂಕರಹಿತ ಮಿತಿಯನ್ನು 75 ಡಾಲರಿನಿಂದ 3 ಡಾಲರಿಗೆ ಇಳಿಸಿದರು. ಒಂದು ರವಕೆ ಖಣಕ್ಕೂ ಸಾಲದ ಮಿತಿ ಅದು. ಮೌಲ್ಯವರ್ಧಿತ ತೆರಿಗೆ ಮೊದಲ ಡಾಲರಿನಿಂದಲೇ, ಸಾಮಾನ್ಯ ಸರಕಿಗೆ 11% ಲೆಕ್ಕ.

ಸೀರೆಯವರು ಇಲ್ಲಿ ಎಚ್‌ಎಸ್ ಕೋಡನ್ನು ಕಣ್ಣಿಟ್ಟು ನೋಡಬೇಕು. ಹೊಲಿಯದ ಸೀರೆ ಅರಿವೆಯ ಲೆಕ್ಕ. ಹತ್ತಿಯದಾದರೆ 52ನೇ ಅಧ್ಯಾಯ, ರೇಷ್ಮೆಯದಾದರೆ 50. ಮಿಶ್ರವಾದರೆ ತೂಕದಲ್ಲಿ ಯಾವ ನೂಲು ಹೆಚ್ಚೋ ಅದರ ಅಧ್ಯಾಯ. ಇಳಕಲ್ ಸೀರೆಯ ಒಡಲು ಹತ್ತಿ, ಕೊಂಡಿ ಹಾಕಿ ಜೋಡಿಸಿದ ಸೆರಗು ರೇಷ್ಮೆಯದಾದರೂ ತೂಕದಲ್ಲಿ ಗೆಲ್ಲುವುದು ಒಡಲೇ. ಹೊಲಿದ ರವಕೆ 62ನೇ ಅಧ್ಯಾಯಕ್ಕೆ ಹೋಗುತ್ತದೆ. ಇಂಡೊನೇಷ್ಯಾದಲ್ಲಿ 3ರಿಂದ 1,500 ಡಾಲರ್ ವರೆಗಿನ ಪಾರ್ಸಲಿಗೆ ಸಾಮಾನ್ಯ ಸುಂಕ 7.5%, ಸಿದ್ಧ ಉಡುಪಿನಂಥ ಜವಳಿ ಉತ್ಪನ್ನಗಳಿಗೆ 2025ರ ಮಾರ್ಚ್‌ನಿಂದ 25%. 2,500 ರೂಪಾಯಿಯ ಎರಡು ಸೀರೆ, 1,500 ಸಾಗಣೆ, ಒಟ್ಟು 6,500 ಎಂದಿಟ್ಟುಕೊಳ್ಳಿ. 7.5ರ ಸಾಲಿನಲ್ಲಿ ಸುಂಕ, ತೆರಿಗೆ ಕೂಡಿ ಸುಮಾರು 1,256 ರೂಪಾಯಿ. 25ರ ಸಾಲಿಗೆ ಬಿದ್ದರೆ 2,519, ಅಂದರೆ ಇನ್ನೊಂದು ಸೀರೆಯ ರೊಕ್ಕ. ಬಿಲ್ಲಿನ ಮೇಲೆ ಬರೀ ‘ಲೇಡೀಸ್ ಡ್ರೆಸ್’ ಎಂದು ಬರೆದರೆ ಅಧಿಕಾರಿ ಎರಡನೆಯ ಸಾಲಿಗೇ ಹಾಕುತ್ತಾನೆ. ‘ಹ್ಯಾಂಡ್‌ಲೂಮ್ ಕಾಟನ್ ಸಾರಿ, ಅನ್‌ಸ್ಟಿಚ್ಡ್’ ಎಂದು ಬರೆದು, ನೂಲಿನ ಶೇಕಡಾವಾರು, ಗಜ, ಎಚ್‌ಎಸ್ ಕೋಡು ನಮೂದಿಸಿ.

ನೋಂದಣಿಯ ಕಾಟವೂ ಉಂಟು. ವರ್ಷಕ್ಕೆ 1,000ಕ್ಕಿಂತ ಹೆಚ್ಚು ಗಿರಾಕಿ ಅಥವಾ 1,000ಕ್ಕಿಂತ ಹೆಚ್ಚು ಪಾರ್ಸಲು ಆದ ವಿದೇಶಿ ಇ-ಕಾಮರ್ಸ್ ವೇದಿಕೆ ಅಲ್ಲಿ ಪ್ರತಿನಿಧಿಯನ್ನಿಡಬೇಕು. ಡಿಜಿಟಲ್ ಸೇವೆ ಕೊಡುವ ಖಾಸಗಿಯವರು ಅಲ್ಲಿಯ ಸರ್ಕಾರದ ಪಟ್ಟಿಯಲ್ಲಿರಬೇಕು. ನೋಂದಾಯಿಸದ ಪೇಪಾಲ್, ಯಾಹೂ, ಸ್ಟೀಮ್‌ಗಳನ್ನೇ 2022ರ ಜುಲೈ ಅಂತ್ಯದಲ್ಲಿ ಕೆಲಕಾಲ ತಡೆದಿದ್ದರು. ಮಾಹಿತಿ ರಕ್ಷಣೆಯ 2022ರ 27ನೇ ಕಾನೂನು ಎರಡು ವರ್ಷದ ಗಡುವು ಮುಗಿದು 2024ರ ಅಕ್ಟೋಬರ್‌ನಿಂದ ಪೂರ್ತಿ ಅನ್ವಯವಾಗುತ್ತದೆ, ದಂಡ ವಾರ್ಷಿಕ ಆದಾಯದ 2%ವರೆಗೆ.

ಹಾಗಾದರೆ ಇಂಡೊನೇಷ್ಯಾ ಯಾರಿಗೆ? ಒಂದಕ್ಕೆ 10,000 ರೂಪಾಯಿ ಮೇಲ್ಪಟ್ಟ ಶುದ್ಧ ರೇಷ್ಮೆಯ ಸೀರೆ ಇರುವವರಿಗೆ. ಇಲ್ಲವೇ ಅಲ್ಲಿಯ ಆಮದುದಾರನಿಗೆ ಸಗಟಾಗಿ ಕೊಟ್ಟು, ಆನ್‌ಲೈನ್ ತಲೆನೋವನ್ನು ಅವನಿಗೇ ಬಿಡುವವರಿಗೆ.

ವಿಯೆಟ್ನಾಂ, ಥಾಯ್ಲೆಂಡ್, ಫಿಲಿಪ್ಪೀನ್ಸ್

ವಿಯೆಟ್ನಾಂ ಅಂದಕೂಡಲೇ ‘ಸರ್ವರ್ ಅಲ್ಲೇ ಇಡಬೇಕಂತೆ’ ಎಂಬ ಹೆದರಿಕೆ ಎದ್ದು ನಿಲ್ಲುತ್ತದೆ. ಅರ್ಧ ಸತ್ಯ. 2022ರ 53ನೇ ಆದೇಶದಂತೆ ಅಲ್ಲಿಯ ಕಂಪನಿಗಳು ಮಾಹಿತಿಯನ್ನು ದೇಶದೊಳಗೇ ಇಡಬೇಕು. ವಿದೇಶಿ ಕಂಪನಿಗೆ ಅದು ತಾನಾಗಿ ಬೀಳುವುದಿಲ್ಲ. ಇ-ಕಾಮರ್ಸ್ ಸೇರಿ ಗೊತ್ತಾದ ಕ್ಷೇತ್ರಗಳಲ್ಲಿದ್ದು, ಸೈಬರ್ ಕಾನೂನು ಮುರಿದ ಪ್ರಕರಣದಲ್ಲಿ ಸರ್ಕಾರ ಕೇಳಿದರೂ ಸಹಕರಿಸದಿದ್ದಾಗ ಮಾತ್ರ ಆದೇಶ ಬರುತ್ತದೆ, ಆಗಲೂ 12 ತಿಂಗಳ ಅವಧಿ ಇರುತ್ತದೆ. ಸಣ್ಣವರಿಗೆ ನಿಜವಾಗಿ ತಾಗುವುದು ವೈಯಕ್ತಿಕ ಮಾಹಿತಿ ಹೊರಗೆ ಒಯ್ಯುವಾಗಿನ ಮೌಲ್ಯಮಾಪನ ದಾಖಲೆ. ಅದನ್ನು 60 ದಿನದೊಳಗೆ ಸಲ್ಲಿಸಬೇಕು. 2026ರ ಜನವರಿ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಈ ಬಗೆಯ ತಪ್ಪಿಗೆ ಹಿಂದಿನ ವರ್ಷದ ಆದಾಯದ 5%ವರೆಗೆ ದಂಡ. 10 ಲಕ್ಷ ಡಾಂಗ್ ಒಳಗಿನ ಕೊರಿಯರ್ ಸರಕಿಗಿದ್ದ ತೆರಿಗೆ ವಿನಾಯಿತಿಯೂ 2025ರ ಫೆಬ್ರುವರಿ 18ಕ್ಕೆ ಮುಗಿದಿದೆ.

ಥಾಯ್ಲೆಂಡ್ 1,500 ಬಾತ್ ಒಳಗಿನ ಪಾರ್ಸಲಿಗೆ 2024ರ ಜುಲೈನಿಂದ 7% ತೆರಿಗೆ ಹಾಕಿತು, 2026ರ ಜನವರಿ 1ರಿಂದ ಸುಂಕವನ್ನೂ ಮೊದಲ ಬಾತಿನಿಂದಲೇ ವಸೂಲಿ ಮಾಡುತ್ತಿದೆ. ಅಗ್ಗದ ಮಾಲಿನವರಿಗೆ ಮೊದಲಿನ ಆಕರ್ಷಣೆ ಉಳಿದಿಲ್ಲ.

ಕಾನೂನಿನ ಕಣ್ಣಿಂದ ನೋಡಿದರೆ ಅಚ್ಚರಿ ಹುಟ್ಟಿಸುವುದು ಫಿಲಿಪ್ಪೀನ್ಸ್. 10,000 ಪೆಸೊ (ಸುಮಾರು 15,000 ರೂಪಾಯಿ) ವರೆಗಿನ ಪಾರ್ಸಲಿಗೆ ಸುಂಕವೂ ಇಲ್ಲ, ತೆರಿಗೆಯೂ ಇಲ್ಲ. ಮೇಲಿನ ಎರಡು ಸೀರೆಯ ಪಾರ್ಸಲು ಇಲ್ಲಿ ಸೊನ್ನೆಗೆ ಒಳಗೆ ಹೋಗುತ್ತದೆ. ಸೀರೆ ಉಡುವವರು ಅಲ್ಲಿ ಕಡಿಮೆ ಅನ್ನುವುದೊಂದೇ ಕೊರತೆ. ಖಣದ ಅರಿವೆಯಿಂದ ಹೊಲಿದ ಚೀಲ, ದಿಂಬಿನ ಗವಸು, ಪರ್ಸು ಮಾಡುವವರು ಈ ಬಾಗಿಲನ್ನು ತಟ್ಟಿ ನೋಡಬಹುದು.

ಉದ್ಯಮಬಾಗದವರ ಲೆಕ್ಕ ಬೇರೆ

ಸೇವೆ ಮಾರುವವರಿಗೆ ಕಸ್ಟಮ್ಸ್ ಇಲ್ಲ, ಅದಕ್ಕೇ ತೆರಿಗೆಯೂ ಇಲ್ಲವೆಂದು ಅಂದುಕೊಳ್ಳುತ್ತಾರೆ. ಮೊದಲು ನೋಡಬೇಕಾದ್ದು, ನೀವು ಕೊಡುತ್ತಿರುವುದು ತಾನೇ ನಡೆಯುವ ಡಿಜಿಟಲ್ ಸೇವೆಯೋ, ಮನುಷ್ಯ ಕೂತು ಮಾಡಿದ ಕೆಲಸವೋ ಅನ್ನುವುದು. ತಿಂಗಳ ಚಂದಾದ ಸಾಫ್ಟ್‌ವೇರ್ ಮೊದಲನೆಯದು. ಎಂಜಿನಿಯರ್ ಮೂರು ದಿನ ಕೂತು ಬಿಡಿಸಿದ ವಾಲ್ವ್‌ಬಾಡಿಯ ಡ್ರಾಯಿಂಗು ಎರಡನೆಯದು. ಈಮೇಲ್ ಅಲ್ಲಿ ಬರೀ ಟಪಾಲು. ಮಲೇಷ್ಯಾದ ಡಿಜಿಟಲ್ ಸೇವಾ ತೆರಿಗೆ (2024ರ ಮಾರ್ಚ್‌ನಿಂದ 8%) ಮೊದಲನೆಯದಕ್ಕೆ. ಸಿಂಗಪುರ 2023ರಿಂದ ದೂರದಿಂದ ಕೊಡುವ ಎಲ್ಲ ಸೇವೆಗಳನ್ನೂ ಒಳಗೆ ತಂದಿದೆ, ಆದರೆ ಗಿರಾಕಿ ಜಿಎಸ್‌ಟಿ ನೋಂದಾಯಿತ ಕಂಪನಿಯಾದರೆ ನೀವು ಹಾಕುವಂತಿಲ್ಲ. ಬಿಲ್ಲಿನಲ್ಲಿ ಅವರ ಜಿಎಸ್‌ಟಿ ನಂಬರು ಬರೆಸಿಕೊಳ್ಳಿ, ಅದೇ ನಿಮ್ಮ ರಕ್ಷಣೆ.

ನೋಂದಣಿಯ ಮಿತಿಗಳು ಹೀಗಿವೆ: ಮಲೇಷ್ಯಾ 5 ಲಕ್ಷ ರಿಂಗಿಟ್, ಥಾಯ್ಲೆಂಡ್ 18 ಲಕ್ಷ ಬಾತ್ (ದರ 7%, ವ್ಯಾಟ್ ನೋಂದಣಿ ಇಲ್ಲದ ಗಿರಾಕಿಗಳಿಗಷ್ಟೇ), ಫಿಲಿಪ್ಪೀನ್ಸ್ 30 ಲಕ್ಷ ಪೆಸೊ (ದರ 12%, 2025ರ ಜೂನ್ 2ರಿಂದ ವಸೂಲಿ). ಇಂಡೊನೇಷ್ಯಾ ವರ್ಷಕ್ಕೆ 60 ಕೋಟಿ ರುಪಿಯಾದ ವ್ಯವಹಾರವನ್ನಷ್ಟೇ ಅಲ್ಲ, ವರ್ಷಕ್ಕೆ 12,000 ಬಳಕೆದಾರರ ಓಡಾಟವನ್ನೂ ಎಣಿಸುತ್ತದೆ. ಪುಕ್ಕಟೆ ಆವೃತ್ತಿ ಬಿಟ್ಟ ಆ್ಯಪ್‌ನವರು ಆದಾಯವಿಲ್ಲದೆಯೂ ಈ ಗೆರೆ ದಾಟಬಹುದು.

ಇನ್ನೊಂದು ಗುಂಡಿ, ಮೂಲದಲ್ಲೇ ಕಡಿತ. ಇಂಡೊನೇಷ್ಯಾದ ಕಂಪನಿ ವಿದೇಶಿ ಸೇವೆಗೆ ಹಣ ಕೊಡುವಾಗ 20% ಮುರಿದುಕೊಳ್ಳುವುದು ಅಲ್ಲಿಯ ಕಾನೂನು. ಭಾರತದೊಂದಿಗಿನ ಒಪ್ಪಂದದಡಿ ತಾಂತ್ರಿಕ ಸೇವೆಗೆ ಅದು 10%ಕ್ಕೆ ಇಳಿಯುತ್ತದೆ. ಇಳಿಯಬೇಕಾದರೆ ನಮ್ಮ ಆದಾಯ ತೆರಿಗೆ ಇಲಾಖೆಯ ನಿವಾಸ ಪ್ರಮಾಣಪತ್ರ ಮತ್ತು ಅವರ ತೆರಿಗೆ ಇಲಾಖೆಯ ಡಿಜಿಟಿ ನಮೂನೆ ಹಣ ಬರುವ ಮೊದಲೇ ಅವರ ಕೈಯಲ್ಲಿರಬೇಕು. ಮುರಿದ ಮೇಲೆ ವಾಪಸು ಕೇಳುವುದು ತಿಂಗಳುಗಟ್ಟಲೆಯ ಕೆಲಸ. ದರಪಟ್ಟಿ ಕಳಿಸುವಾಗಲೇ ‘ತೆರಿಗೆ ಕಳೆದು ನಮ್ಮ ಕೈಗೆ ಇಷ್ಟು ಬರಬೇಕು’ ಎಂದು ಬರೆಯಿರಿ.

ಗಿರಾಕಿಗಳ ಪಟ್ಟಿ ಫೋನಿನಲ್ಲಿದ್ದರೆ

ಆರೂ ದೇಶಗಳಲ್ಲಿ ಮಾಹಿತಿ ಸೋರಿಕೆಯನ್ನು ತಿಳಿಸುವ ಗಡುವು ಹೆಚ್ಚುಕಡಿಮೆ ಒಂದೇ: ಮೂರು ದಿನ. ಸಿಂಗಪುರದಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ಜನರ ಮಾಹಿತಿ ಹೋದರೆ ಅಥವಾ ದೊಡ್ಡ ಹಾನಿಯ ಸಂಭವವಿದ್ದರೆ ಹೇಳಲೇಬೇಕು. ಹಾಗಾಗಿ ಆರು ಬೇರೆ ವ್ಯವಸ್ಥೆ ಬೇಡ. ಗಿರಾಕಿಗಳ ಪಟ್ಟಿ ಕೆಲಸದ ಹುಡುಗರ ವಾಟ್ಸ್‌ಆ್ಯಪ್‌ನಲ್ಲಿ ಚದುರಿರದೆ ಒಂದೇ ಕಡೆ ಪಾಸ್‌ವರ್ಡ್ ಹಿಂದೆ ಇರಲಿ, ದೇಶವಾರು ಬೇರೆ ಹಾಳೆಯಿರಲಿ. ಆರ್ಡರ್ ಮುಗಿದ ಮೇಲೆ ಪಾಸ್‌ಪೋರ್ಟ್, ಗುರುತಿನ ಚೀಟಿಯ ಫೋಟೊ ಅಳಿಸಿ. ಕಸ್ಟಮ್ಸ್‌ಗೆಂದು ತರಿಸಿಕೊಂಡ ಚೀಟಿಯನ್ನು ವರ್ಷಗಟ್ಟಲೆ ಫೋನಿನಲ್ಲಿಡುವುದೇ ಹೆಚ್ಚಿನ ಅಪಾಯ.

ಯಾರಿಗೆ ಯಾವುದು

ಕೈಯಲ್ಲಿ 50,000 ರೂಪಾಯಿ, ಸರಕು 1,500ರಿಂದ 5,000ದ ಸೀರೆ: ಸಿಂಗಪುರ, ಸ್ವಂತ ದಾರಿ, ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆ ರಫ್ತು ಕೇಂದ್ರ) ಮೂಲಕ. ಆರು ತಿಂಗಳು ಅಲ್ಲಿಯ ದೂರು, ವಾಪಸಾತಿ ನೋಡಿಕೊಂಡು ಮಲೇಷ್ಯಾ ಸೇರಿಸಿ. ಖಣ ಮಾತ್ರ ಮಾರುವವರಿಗೆ ಸಾಗಣೆಯೇ ಮಾಲಿಗಿಂತ ಭಾರ. ಹತ್ತು-ಹನ್ನೆರಡು ಖಣ ಒಟ್ಟಿಗೆ ಕೊಳ್ಳುವ ಮಲೇಷ್ಯಾದ ದರ್ಜಿ ಅಂಗಡಿಗಳನ್ನು ಹುಡುಕುವುದು ಲೇಸು. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದ್ದರೂ ಅದು ಭಾರತದ ನೋಂದಣಿ. ಅಲ್ಲಿ ಯಾರಾದರೂ ಪವರ್‌ಲೂಮ್ ಸೀರೆಗೆ ಅದೇ ಹೆಸರಿಟ್ಟರೆ ತಾನಾಗಿ ತಡೆ ಸಿಗುವುದಿಲ್ಲ.

ರೇಷ್ಮೆಯ ದೊಡ್ಡ ಸರಕಿದ್ದು ಐದಾರು ಲಕ್ಷ ಹಾಕುವ ಶಕ್ತಿ ಇದ್ದವರು ಮಲೇಷ್ಯಾದ ಜೊತೆ ಇಂಡೊನೇಷ್ಯಾವನ್ನು ಆಮದುದಾರನ ಮೂಲಕ ಪ್ರಯತ್ನಿಸಬಹುದು. ಕ್ಯಾಡ್ ಕಚೇರಿಗಳಿಗೆ ಸಿಂಗಪುರದ ನೋಂದಾಯಿತ ಕಂಪನಿಗಳು ಮೊದಲು, ಇಂಡೊನೇಷ್ಯಾಕ್ಕೆ ಹೋಗುವುದು ನಮ್ಮ ಇಲಾಖೆಯ ನಿವಾಸ ಪ್ರಮಾಣಪತ್ರ ಕೈಗೆ ಬಂದ ಮೇಲೆ.

ಅಮೀನಗಡ, ಗೋಕಾಕದ ಕರದಂಟಿನವರು ಈ ಹೋಲಿಕೆಯಿಂದ ದೇಶ ಆರಿಸಬೇಡಿ. ತಿನಿಸಿಗೆ ಡಿಜಿಟಲ್ ಕಾನೂನಿಗಿಂತ ಆಹಾರ ಕಾನೂನು ದೊಡ್ಡ ಬಾಗಿಲು. ಸಿಂಗಪುರದಲ್ಲಿ ಆಹಾರ ಸಂಸ್ಥೆಯಲ್ಲಿ ನೋಂದಾಯಿತ ಆಮದುದಾರನೇ ತರಿಸಬೇಕು. ಇಂಡೊನೇಷ್ಯಾ ಆಮದು ತಿನಿಸಿನ ಹಲಾಲ್ ಪ್ರಮಾಣೀಕರಣಕ್ಕೆ 2026ರ ಅಕ್ಟೋಬರ್ 17ರ ಗಡುವು ಹಾಕಿದೆ. ಅಂಟು, ತುಪ್ಪ, ಬೆಲ್ಲ, ಒಣಹಣ್ಣು ಪ್ರತಿಯೊಂದೂ ಎಲ್ಲಿಂದ ಬಂತೆಂಬ ಕಾಗದವನ್ನು ಅಲ್ಲಿಯ ಆಮದುದಾರ ಕೇಳುತ್ತಾನೆ. ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳಿ.